ಹುಲ್ಲುಹಾಸು, ಕೈತೋಟ: ಅಳೆದು ನೀರು ಹಾಕುವ ಬಗೆ

ತೋಟಕ್ಕೆ ಎಷ್ಟು ನೀರು ಹಾಕುತ್ತೀರಿ ಎಂದು ಯಾರನ್ನಾದರೂ ಕೇಳಿ ನೋಡಿ. ‘ಬೆಳಗ್ಗೆ ಅರ್ಧ ಗಂಟೆ ಪೈಪು ಬಿಡ್ತೀವಿ’ ಎನ್ನುವವರೇ ಹೆಚ್ಚು. ಲೀಟರಿನಲ್ಲಿ ಲೆಕ್ಕ ಹೇಳುವವರು ವಿರಳ. ನೀರು ಪೋಲಾಗುವುದು ಇಲ್ಲಿಂದಲೇ ಶುರು. 15 ಲೀಟರಿನ ಬಕೆಟ್ಟನ್ನು ಪೈಪಿನ ಬಾಯಿಗೆ ಹಿಡಿದು ಗಡಿಯಾರ ನೋಡಿ. ಒಂದು ನಿಮಿಷಕ್ಕೆ ತುಂಬಿತೆಂದರೆ ಅರ್ಧ ಗಂಟೆಗೆ 450 ಲೀಟರ್ ಹೋಯಿತು. ಅಷ್ಟು ಬೇಕಿತ್ತೇ, ಇಲ್ಲವೇ ಎಂಬುದು ಆಮೇಲಿನ ಮಾತು. ಮೊದಲು ಸಂಖ್ಯೆ ಕೈಯಲ್ಲಿರಲಿ.

ಇನ್ನೊಂದು ಸಂಖ್ಯೆಯನ್ನೂ ನೆನಪಿಟ್ಟುಕೊಳ್ಳಿ: ಒಂದು ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ನೀರು ನಿಂತರೆ ಅದು ಸರಿಯಾಗಿ 1 ಲೀಟರ್. ಮುಂದಿನ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ.

ಲಾನ್ ಕುಡಿಯುವುದು ಎಷ್ಟು

ಬಿಸಿಲು ಜೋರಾಗಿರುವ ಒಣ ದಿನಗಳಲ್ಲಿ ನೆಲ ಮತ್ತು ಎಲೆ ಎರಡರಿಂದಲೂ ಆವಿಯಾಗಿ ಹೋಗುವ ನೀರನ್ನು ದಿನಕ್ಕೆ 6 ಮಿ.ಮೀ. ಎಂದು ಹಿಡಿಯಬಹುದು. ಗರಿಕೆಯಂಥ ಬಿಸಿನಾಡಿನ ಹುಲ್ಲಿಗೆ ಅದರಲ್ಲಿ ಶೇ 60ರಷ್ಟು ಕೊಟ್ಟರೆ ಸಾಕು. ತಂಪುನಾಡಿನ ಹುಲ್ಲುಗಳಿಗೆ ಶೇ 80ರಷ್ಟು ಬೇಕು. 50 ಚದರ ಮೀಟರ್ ಗರಿಕೆ ಲಾನ್ ಎಂದರೆ 6ರ ಶೇ 60, ಅಂದರೆ 3.6 ಮಿ.ಮೀ.; ದಿನಕ್ಕೆ 180 ಲೀಟರ್, ವಾರಕ್ಕೆ 1,260 ಲೀಟರ್. ಮೋಡ ಕವಿದ ದಿನಗಳಲ್ಲಿ ಆವಿ 3 ಮಿ.ಮೀ.ಗೆ ಇಳಿಯುತ್ತದೆ, ಬೇಡಿಕೆಯೂ ಅರ್ಧಕ್ಕೆ ಇಳಿಯುತ್ತದೆ. ಆದರೆ ಬೇಸಿಗೆಯಲ್ಲಿ ಹೊಂದಿಸಿದ ಟೈಮರನ್ನು ಯಾರೂ ಮುಟ್ಟಿರುವುದಿಲ್ಲ. ತಿಂಗಳಿಗೊಮ್ಮೆಯಾದರೂ ಟೈಮರ್ ತಿದ್ದುವುದು ಖರ್ಚಿಲ್ಲದ ಉಳಿತಾಯ. ಮಳೆ ಬಂದ ದಿನ ಸ್ಪ್ರಿಂಕ್ಲರ್ ತಿರುಗುತ್ತಿದ್ದರೆ ಅದಕ್ಕೆ ಕ್ಷಮೆಯೇ ಇಲ್ಲ. ಚಿಕ್ಕ ಮಳೆ ಸೆನ್ಸರ್ ಹಾಕಿ, ಇಲ್ಲವೇ ಕೈಯಿಂದ ಬಂದ್ ಮಾಡಿ.

ಮುಂದಿನ ಉಪಾಯಗಳಿಗೆ ಹೋಗುವ ಮುಂಚೆ ಒಂದು ನೇರ ಮಾತು. ಬೇರೂರಿದ ಪೊದೆ, ಮರ ಸಾಮಾನ್ಯವಾಗಿ ಚದರ ಮೀಟರಿನ ಲೆಕ್ಕದಲ್ಲಿ ಲಾನ್‌ನಷ್ಟು ನೀರು ಕೇಳುವುದಿಲ್ಲ. ಯಾರೂ ಕೂರದ, ಮಕ್ಕಳು ಆಡದ, ಹುಲ್ಲು ಕತ್ತರಿಸುವವರು ಬಿಟ್ಟು ಬೇರಾರೂ ಕಾಲಿಡದ ಲಾನ್ ಇದ್ದರೆ ಅದನ್ನು ಚಿಕ್ಕದು ಮಾಡಿ. ದಾರಿ ಮತ್ತು ಗೋಡೆಯ ನಡುವಿನ ಎರಡು ಮೀಟರಿಗಿಂತ ಕಿರಿದಾದ ಪಟ್ಟಿ, ಕಡಿದಾದ ಇಳಿಜಾರು, ದಟ್ಟ ಮರದ ಕೆಳಗಿನ ನೆರಳು, ಈ ಮೂರು ಕಡೆಯ ಹುಲ್ಲನ್ನು ಮೊದಲು ತೆಗೆಯಿರಿ. ಕಿರಿದಾದ ಪಟ್ಟಿಯಲ್ಲಿ ಸ್ಪ್ರಿಂಕ್ಲರ್ ನೀರು ಅರ್ಧ ದಾರಿಯ ಮೇಲೇ ಬೀಳುತ್ತದೆ. ಇಳಿಜಾರಿನಲ್ಲಿ ಇಂಗುವ ಮೊದಲೇ ಹರಿದುಹೋಗುತ್ತದೆ. ಮರದಡಿ ಬಿಸಿಲೂ ಇಲ್ಲ, ನೀರಿಗೆ ಬೇರುಗಳ ಪೈಪೋಟಿ ಬೇರೆ. ಅಲ್ಲೆಲ್ಲ ನೆಲಕ್ಕೆ ಹರಡುವ ಗಿಡ, ಇಲ್ಲವೇ ಬರೀ ಮಲ್ಚ್ (ತರಗೆಲೆ, ಮರದ ಚಕ್ಕೆಯಂಥವುಗಳ ಹೊದಿಕೆ) ಸಾಕು.

ಮಣ್ಣೆಂಬ ತೊಟ್ಟಿ

ಬೇರು ಇಳಿದಿರುವಷ್ಟು ಆಳದ ಮಣ್ಣೇ ಗಿಡದ ನೀರಿನ ತೊಟ್ಟಿ. ಅದು ತುಂಬಿದ ಮೇಲೆ ಹಾಕಿದ್ದೆಲ್ಲ ಕೆಳಕ್ಕೆ ಬಸಿದುಹೋಗುತ್ತದೆ, ಜೊತೆಗೆ ಗೊಬ್ಬರವನ್ನೂ ಒಯ್ಯುತ್ತದೆ. ಮರಳೂ ಜೇಡಿಯೂ ಹದವಾಗಿ ಬೆರೆತ ಗೋಡುಮಣ್ಣು ಒಂದು ಮೀಟರ್ ಆಳಕ್ಕೆ ಸುಮಾರು 150 ಮಿ.ಮೀ. ನೀರನ್ನು ಗಿಡಕ್ಕೆ ಸಿಗುವಂತೆ ಹಿಡಿದಿಡುತ್ತದೆ. ಮರಳುಮಣ್ಣು ಅದರ ಅರ್ಧಕ್ಕಿಂತ ತುಸು ಕಡಿಮೆ. ಲಾನ್‌ನ ಬೇರು 15 ಸೆಂ.ಮೀ. ಇದ್ದರೆ ಗೋಡುಮಣ್ಣಿನ ತೊಟ್ಟಿ 22 ಮಿ.ಮೀ. ಆಯಿತು. ಅದರಲ್ಲಿ ಅರ್ಧ ಖಾಲಿಯಾದಾಗ ನೀರು ಕೊಡಬೇಕು. ಅಂದರೆ 11 ಮಿ.ಮೀ., ದಿನಕ್ಕೆ 3.6ರಂತೆ ಮೂರು ದಿನದ ಬಳಕೆ. ಹಾಗಾಗಿ ಗೋಡುಮಣ್ಣಿನ ಲಾನ್‌ಗೆ ಮೂರು ದಿನಕ್ಕೊಮ್ಮೆ 11–12 ಮಿ.ಮೀ. ಸರಿ. ಮರಳುಮಣ್ಣಾದರೆ ಒಂದೂವರೆ–ಎರಡು ದಿನಕ್ಕೊಮ್ಮೆ 5–6 ಮಿ.ಮೀ. ಮಾತ್ರ, ಹೆಚ್ಚು ಹಾಕಿದರೆ ನಿಲ್ಲುವುದಿಲ್ಲ.

ದಿನಾ ಸ್ವಲ್ಪಸ್ವಲ್ಪ ಚಿಮುಕಿಸಿದರೆ ಏನಾಗುತ್ತದೆ? ಮೇಲಿನ ಎರಡು–ಮೂರು ಸೆಂ.ಮೀ. ಮಾತ್ರ ಹಸಿಯಾಗುತ್ತದೆ, ಬೇರುಗಳೂ ಅಲ್ಲೇ ಗುಂಪುಗೂಡುತ್ತವೆ. ತೊಟ್ಟಿ ತಾನಾಗಿ ಚಿಕ್ಕದಾಗುತ್ತದೆ. ಆಮೇಲೆ ಎರಡು ದಿನ ನೀರು ತಪ್ಪಿದರೂ ಹುಲ್ಲು ಬಾಡುತ್ತದೆ. ‘ನಮ್ಮ ಲಾನ್‌ಗೆ ದಿನಾ ನೀರು ಬೇಕೇ ಬೇಕು’ ಎನ್ನುವ ದೂರಿನ ಹಿಂದೆ ಇರುವುದು ಸಾಮಾನ್ಯವಾಗಿ ಇದೇ ಅಭ್ಯಾಸ. ಬಿಡಿಸುವಾಗ ಒಮ್ಮೆಲೇ ನಿಲ್ಲಿಸಬೇಡಿ. ಎರಡು–ಮೂರು ವಾರದಲ್ಲಿ ಅಂತರವನ್ನು ಒಂದೊಂದೇ ದಿನ ಹೆಚ್ಚಿಸಿ, ಪ್ರತಿ ಸಲದ ಪ್ರಮಾಣವನ್ನೂ ಏರಿಸಿ.

ನೀರು ಎಷ್ಟು ಆಳ ಹೋಯಿತೆಂದು ತಿಳಿಯಲು ಒಂದು ಉದ್ದನೆಯ ಸ್ಕ್ರೂಡ್ರೈವರ್ ಇಲ್ಲವೇ ಪೆನ್ಸಿಲ್ ದಪ್ಪದ ಕಬ್ಬಿಣದ ಸರಳು ಸಾಕು. ನೀರು ಹಾಕಿದ ಮರುದಿನ ನೆಲಕ್ಕೆ ಚುಚ್ಚಿ. ಹಸಿ ಇರುವವರೆಗೆ ಸಲೀಸಾಗಿ ಇಳಿಯುತ್ತದೆ, ಒಣಮಣ್ಣು ತಾಗಿದಲ್ಲಿ ತಡೆಯುತ್ತದೆ. ಲಾನ್‌ನಲ್ಲಿ 15 ಸೆಂ.ಮೀ., ಪೊದೆಗಳ ಬಳಿ 30–45 ಸೆಂ.ಮೀ. ಇಳಿಯಬೇಕು. ಮರಗಳು ನೀರು ಹೀರುವ ಬೇರುಗಳು ಬಹುಪಾಲು ಮೇಲಿನ 60 ಸೆಂ.ಮೀ. ಒಳಗೇ ಇರುತ್ತವೆ, ಅದೂ ಕಾಂಡದ ಬುಡದಲ್ಲಲ್ಲ, ಕೊಂಬೆಗಳ ಅಂಚಿನ ಕೆಳಗೆ ಮತ್ತು ಅದರಾಚೆಗೆ. ಬುಡಕ್ಕೆ ಬಿಂದಿಗೆಗಟ್ಟಲೆ ಸುರಿದರೆ ಕಾಂಡ ಕೊಳೆಯುತ್ತದೆಯೇ ಹೊರತು ಮರಕ್ಕೆ ದಕ್ಕುವುದಿಲ್ಲ.

ಹುಲ್ಲು ತಾನೇ ಬಾಯಿಬಿಟ್ಟು ಹೇಳುವುದೂ ಉಂಟು. ಹಸಿರು ಬೂದುನೀಲಿಗೆ ತಿರುಗಿ ಎಲೆ ಮಡಚಿಕೊಂಡರೆ, ನಡೆದ ಹೆಜ್ಜೆಗುರುತು ಬೇಗ ಮೇಲೇಳದೆ ಹಾಗೇ ಉಳಿದರೆ ನೀರಿನ ಹೊತ್ತಾಯಿತೆಂದು ಅರ್ಥ. ಅದಕ್ಕೂ ಮುಂಚೆ ಬೇಡ.

ಡಬ್ಬಿ ಪರೀಕ್ಷೆ

ಸ್ಪ್ರಿಂಕ್ಲರ್ ಇದ್ದವರು ಇದೊಂದನ್ನು ಮಾಡಲೇಬೇಕು. ನೇರ ಗೋಡೆಯ ಒಂದೇ ಅಳತೆಯ ಎಂಟು ಡಬ್ಬಿ ತೆಗೆದುಕೊಳ್ಳಿ. ಸ್ಪ್ರಿಂಕ್ಲರ್ ಪಕ್ಕ ಒಂದೆರಡು, ಅಂಚಿನಲ್ಲಿ ಒಂದೆರಡು, ನಡುವೆ ಉಳಿದವು, ಹೀಗೆ ಲಾನ್ ಮೇಲೆ ಹಂಚಿಡಿ. ಗಾಳಿಯಿಲ್ಲದ ಹೊತ್ತಿನಲ್ಲಿ 15 ನಿಮಿಷ ನೀರು ಬಿಟ್ಟು ಪ್ರತಿ ಡಬ್ಬಿಯಲ್ಲಿ ನಿಂತದ್ದನ್ನು ಸ್ಕೇಲಿನಿಂದ ಅಳೆಯಿರಿ.

5, 6, 6, 4, 7, 3, 6, 3 ಮಿ.ಮೀ. ಬಂತೆನ್ನಿ. ಒಟ್ಟು 40, ಸರಾಸರಿ 5. ಅಂದರೆ ನಿಮ್ಮ ಸ್ಪ್ರಿಂಕ್ಲರ್ ಗಂಟೆಗೆ 20 ಮಿ.ಮೀ. ಕೊಡುತ್ತಿದೆ, 12 ಮಿ.ಮೀ. ಬೇಕಾದರೆ 36 ನಿಮಿಷ. ಅತಿ ಕಡಿಮೆ ಬಂದ ಎರಡು ಡಬ್ಬಿಗಳ ಸರಾಸರಿ 3. ಅದನ್ನು ಒಟ್ಟು ಸರಾಸರಿ 5ರಿಂದ ಭಾಗಿಸಿದರೆ 0.6. ಹಂಚಿಕೆ ಶೇ 60 ಮಾತ್ರ ಸಮ ಎಂದಾಯಿತು. ಇದರಿಂದ ಆಗುವ ನಷ್ಟ ನೋಡಿ: ಒಣಗುವ ಮೂಲೆಗೂ 5 ಮಿ.ಮೀ. ತಲುಪಿಸಲು ನೀವು 15ರ ಬದಲು 25 ನಿಮಿಷ ಓಡಿಸುತ್ತೀರಿ. ಆಗ 7ರ ಡಬ್ಬಿಯಿದ್ದ ಜಾಗಕ್ಕೆ ಸುಮಾರು 12 ಮಿ.ಮೀ. ಬೀಳುತ್ತದೆ. ಒಂದು ಒಣ ಮಚ್ಚೆಗಾಗಿ ಇಡೀ ಲಾನ್‌ಗೆ ಶೇ 67ರಷ್ಟು ಹೆಚ್ಚು ನೀರು.

ಹೀಗಾಗಿ ಕಂದು ಮಚ್ಚೆ ಕಂಡಾಗ ಟೈಮರಿನ ನಿಮಿಷ ಹೆಚ್ಚಿಸಬೇಡಿ, ಸ್ಪ್ರಿಂಕ್ಲರ್ ಸರಿಮಾಡಿ. ತಲೆ ಓರೆಯಾಗಿರಬಹುದು, ನೆಲಕ್ಕೆ ಕುಸಿದು ಸುತ್ತಲ ಹುಲ್ಲು ನೀರಿಗೆ ಅಡ್ಡ ಬರುತ್ತಿರಬಹುದು, ನಾಜಲಿನಲ್ಲಿ ಮರಳು ಸಿಕ್ಕಿರಬಹುದು. ಎರಡು ತಲೆಗಳ ನಡುವಿನ ಅಂತರವೇ ಹೆಚ್ಚಾಗಿದ್ದರೂ ಹೀಗಾಗುತ್ತದೆ. ಒಂದರ ನೀರು ಪಕ್ಕದ ತಲೆಯವರೆಗೂ ಚಿಮ್ಮಬೇಕು, ಅದೇ ಸರಿಯಾದ ಅಂತರ. ನೀರು ಹೊಗೆಯಂತೆ ಮಂಜಾಗಿ ಹಾರುತ್ತಿದ್ದರೆ ಒತ್ತಡ ಅತಿಯಾಗಿದೆ, ವಾಲ್ವ್ ಸ್ವಲ್ಪ ತಿರುಗಿಸಿ ಇಳಿಸಿ. ತಲೆಯ ಸುತ್ತ ಮಾತ್ರ ಉಂಗುರದಂತೆ ಬೀಳುತ್ತಿದ್ದರೆ ಒತ್ತಡ ಸಾಲದು. ಒಂದೇ ಸಲಕ್ಕೆ ತೆರೆಯುವ ತಲೆಗಳನ್ನು ಕಡಿಮೆ ಮಾಡಿ.

ಹರಿದುಹೋಗುವ ನೀರಿಗೆ ಇನ್ನೊಂದು ಕಾರಣವಿದೆ. ಗಂಟೆಗೆ ಮರಳುಮಣ್ಣು 30 ಮಿ.ಮೀ.ಗೂ ಹೆಚ್ಚು ಹೀರುತ್ತದೆ, ಗೋಡುಮಣ್ಣು 10–20, ಜೇಡಿಮಣ್ಣು ಬರೀ 1–5. ಗಂಟೆಗೆ 20 ಮಿ.ಮೀ. ಸುರಿಯುವ ಸ್ಪ್ರಿಂಕ್ಲರಿಗೆ ಜೇಡಿನೆಲ ಎಲ್ಲಿ ಸಾಟಿ? ನೀರು ಬಿಟ್ಟು ನಿಂತು ನೋಡಿ. ಹತ್ತನೇ ನಿಮಿಷಕ್ಕೆ ಅಂಚಿನಿಂದ ಹರಿಯತೊಡಗಿದರೆ ಒಂಬತ್ತಕ್ಕೇ ನಿಲ್ಲಿಸಿ, ಮುಕ್ಕಾಲು ಗಂಟೆ ಇಂಗಲು ಬಿಡಿ, ಮತ್ತೆ ಒಂಬತ್ತು ನಿಮಿಷ. ನಾಲ್ಕು ಸುತ್ತಿಗೆ 36 ನಿಮಿಷ ಆಗುತ್ತದೆ, ಒಂದು ಹನಿಯೂ ಚರಂಡಿಗೆ ಹೋಗುವುದಿಲ್ಲ. ನಸುಕಿನಲ್ಲಿ, ಬಿಸಿಲೇರುವ ಮೊದಲು ಈ ಸುತ್ತುಗಳು ಮುಗಿಯಬೇಕು. ಆಗ ಗಾಳಿ ಕಡಿಮೆ, ಆವಿಯೂ ಕಡಿಮೆ. ಸಂಜೆ ಹಾಕಿದರೂ ಆವಿ ಕಡಿಮೆಯಾಗುತ್ತದೆ ನಿಜ, ಆದರೆ ಎಲೆ ರಾತ್ರಿಯಿಡೀ ಒದ್ದೆಯಾಗಿದ್ದು ಶಿಲೀಂಧ್ರ ರೋಗಕ್ಕೆ ದಾರಿಯಾಗುತ್ತದೆ.

ನೆಲವೇ ನೀರು ಒಳಗೆ ಬಿಡದಿದ್ದರೆ ನೋಡಬೇಕಾದ್ದು ಎರಡು. ತುಳಿದು ಗಟ್ಟಿಯಾಗಿದ್ದರೆ ಮಣ್ಣಿನ ಕಡ್ಡಿ ಹೊರತೆಗೆಯುವ ಟೊಳ್ಳು ಹಲ್ಲಿನ ಸಾಧನದಿಂದ 7–8 ಸೆಂ.ಮೀ. ಆಳದ ರಂಧ್ರಗಳನ್ನು ಗೇಣಿಗೊಂದರಂತೆ, ಸಾಧ್ಯವಾದರೆ ಇನ್ನೂ ಒತ್ತಾಗಿ ಮಾಡಿ, ಮೇಲೆ ಜರಡಿ ಹಿಡಿದ ಕಾಂಪೋಸ್ಟ್ ತೆಳ್ಳಗೆ ಎಳೆಯಿರಿ. ಬರೀ ಚೂಪು ಸರಳಿನಿಂದ ಚುಚ್ಚಿದರೆ ರಂಧ್ರದ ಗೋಡೆ ಇನ್ನಷ್ಟು ಬಿಗಿಯುತ್ತದೆ, ಜೇಡಿಮಣ್ಣಿನಲ್ಲಂತೂ ಉಪಯೋಗವಿಲ್ಲ. ಎರಡನೆಯದು, ಹುಲ್ಲಿನ ಬುಡದಲ್ಲಿ ಒಣ ಕಾಂಡ, ಬೇರುಗಳ ಸ್ಪಂಜಿನಂಥ ಪದರ. ಅದು ಒಂದು ಸೆಂ.ಮೀ. ದಾಟಿದರೆ ನೀರನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ನೀರನ್ನೇ ತಳ್ಳುತ್ತದೆ. ಹಲ್ಲಿನ ಕುಂಟೆಯಿಂದ ಬಲವಾಗಿ ಎಳೆದು ತೆಗೆಯಿರಿ, ಹುಲ್ಲು ಚೆನ್ನಾಗಿ ಚಿಗುರುವ ಕಾಲದಲ್ಲಿ ಮಾತ್ರ.

ಕತ್ತರಿಸುವುದರಲ್ಲೂ ನೀರಿದೆ

ಬೋಳಿಸಿದ ಹಾಗೆ ಕತ್ತರಿಸಿದ ಲಾನ್ ನೆಲವನ್ನು ಬಿಸಿಲಿಗೆ ಒಡ್ಡುತ್ತದೆ, ಬೇರೂ ಮೋಟಾಗುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬೇಡಿ. ಗರಿಕೆಯನ್ನು 3–4 ಸೆಂ.ಮೀ., ಅಗಲ ಎಲೆಯ ಹುಲ್ಲುಗಳನ್ನು 6–8 ಸೆಂ.ಮೀ. ಇಡಬಹುದು, ಬೇಸಿಗೆಯಲ್ಲಿ ಇನ್ನೊಂದು ಸೆಂ.ಮೀ. ಹೆಚ್ಚು ಬಿಟ್ಟರೆ ಒಳ್ಳೆಯದೇ. ಬ್ಲೇಡ್ ಮೊಂಡಾಗಿದ್ದರೆ ತುದಿ ಸೀಳಿ, ಮರುದಿನ ಬಿಳಿಚಿಕೊಳ್ಳುತ್ತದೆ, ಆ ಗಾಯದಿಂದಲೂ ನೀರು ಆವಿಯಾಗುತ್ತದೆ. ಕತ್ತರಿಸಿದ ಚೂರು ಚಿಕ್ಕದಿದ್ದರೆ ಅಲ್ಲೇ ಬಿಡಿ. ಬಿಸಿಲು ಜೋರಿರುವಾಗ ಯೂರಿಯಾ ಹಾಕಿ ಹಸಿರು ಮಾಡುವ ಆಸೆ ಬೇಡ. ಎಳೆ ಎಲೆ ಹೆಚ್ಚಿದಷ್ಟೂ ದಾಹ ಹೆಚ್ಚುತ್ತದೆ.

ನೀರು ನಿಜಕ್ಕೂ ಇಲ್ಲದ ಕಾಲ ಬಂದರೆ ಗರಿಕೆ ಕಂದಾಗಲಿ, ಬಿಡಿ. ಅದು ಸತ್ತಿಲ್ಲ, ಮಲಗಿದೆ. ಮೂರು ವಾರಕ್ಕೊಮ್ಮೆ 10–12 ಮಿ.ಮೀ. ಕೊಟ್ಟು, ತುಳಿಯದೆ, ಗೊಬ್ಬರ ಹಾಕದೆ ಇದ್ದರೆ ಮಳೆ ಬಿದ್ದಾಗ ಮತ್ತೆ ಚಿಗುರುತ್ತದೆ. ಇರುವ ನೀರನ್ನು ಮರಗಳಿಗೆ ಕೊಡಿ. ಲಾನ್ ಮತ್ತೆ ಹಾಕಬಹುದು, ಇಪ್ಪತ್ತು ವರ್ಷದ ಮರವನ್ನು ಹಾಗೆ ತರಲಾಗದು.

ಮಲ್ಚ್

ಗಿಡಗಳ ಪಾತಿಯಲ್ಲಿ ಇದಕ್ಕಿಂತ ಲಾಭದ ಕೆಲಸ ಬೇರೆ ಇಲ್ಲ. ಮೊದಲು ಕಳೆ ತೆಗೆದು, ನೆಲಕ್ಕೆ ಚೆನ್ನಾಗಿ ನೀರುಣಿಸಿ, ಆಮೇಲೆ ಹೊದಿಸಿ. ಒಣನೆಲದ ಮೇಲೆ ಹಾಸಿದರೆ ಒಣಗೇ ಉಳಿಯುತ್ತದೆ. ಪುಡಿಯಾದ ವಸ್ತು 5 ಸೆಂ.ಮೀ., ಮರದ ಚಕ್ಕೆ, ತರಗೆಲೆಯಂಥ ಒರಟು ವಸ್ತು 8 ಸೆಂ.ಮೀ. ದಪ್ಪ ಇರಲಿ. ಅದಕ್ಕೂ ದಪ್ಪವಾದರೆ ಸಣ್ಣ ಮಳೆಯೆಲ್ಲ ಹೊದಿಕೆಯಲ್ಲೇ ನಿಂತು ಆವಿಯಾಗುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳಿನಷ್ಟು, ಮರಕ್ಕಾದರೆ ಒಂದು ಗೇಣು ಜಾಗ ಖಾಲಿ ಬಿಡಿ. ಒತ್ತಿ ಹಾಕಿದರೆ ತೊಗಟೆ ಕೊಳೆಯುತ್ತದೆ. ಹಸಿ ಹುಲ್ಲನ್ನು ಒಮ್ಮೆಗೆ 2–3 ಸೆಂ.ಮೀ. ಮಾತ್ರ ಹರಡಿ, ದಪ್ಪ ಹಾಕಿದರೆ ಚಾಪೆಯಂತೆ ಅಂಟಿಕೊಂಡು ನಾರುತ್ತದೆ. ಹಸಿ ಮರದ ಹೊಟ್ಟನ್ನು ಮಣ್ಣಿಗೆ ಬೆರೆಸಬೇಡಿ, ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡ ಹಳದಿಯಾಗುತ್ತದೆ. ಮೇಲೆ ಹಾಸಿದರೆ ಆ ತೊಂದರೆ ಹೆಚ್ಚಿಲ್ಲ. ಜಲ್ಲಿಕಲ್ಲು ನೋಡಲು ಚೆಂದ, ಬಿಸಿಲಲ್ಲಿ ಕಾದು ಎಲೆಗಳನ್ನು ಬೇಯಿಸುತ್ತದೆ. ಒಣತನ ತಾಳುವ ಗಿಡಗಳ ನಡುವೆ ಮಾತ್ರ ಹಾಕಿ.

ಹನಿ ನೀರಾವರಿ ಜೋಡಿಸುವುದು

ಪೊದೆ, ಹೂಗಿಡ, ತರಕಾರಿ ಮಡಿಗೆ ಡ್ರಿಪ್. ಲಾನ್ ಮತ್ತು ಪೊದೆಗಳನ್ನು ಒಂದೇ ವಾಲ್ವಿನಲ್ಲಿ ಇಡಬೇಡಿ. ಒಂದರ ಹೊತ್ತು ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಹೆಚ್ಚು ನೀರು ಕೇಳುವ ಗಿಡಗಳೆಲ್ಲ ಒಂದು ಕಡೆ, ಕಡಿಮೆ ಕೇಳುವವು ಇನ್ನೊಂದು ಕಡೆ ಇರುವಂತೆ ನೆಡುವುದು ಈ ಕಾರಣಕ್ಕೇ.

ಜೋಡಣೆಯ ಕ್ರಮ: ನಲ್ಲಿ, ಹಿಮ್ಮುಖ ಹರಿವು ತಡೆಯುವ ವಾಲ್ವ್ (ಕುಡಿಯುವ ನೀರಿನ ಲೈನಿಗೆ ಸೇರಿಸುವುದಾದರೆ ಇದು ಕಡ್ಡಾಯ), 120 ಮೆಶ್ ಫಿಲ್ಟರ್ (ಇಂಚಿಗೆ 120 ಕಣ್ಣಿನ ಜಾಲರಿ), ಒತ್ತಡ ತಗ್ಗಿಸುವ ರೆಗ್ಯುಲೇಟರ್, ಆಮೇಲೆ ಗಿಡಗಳ ಸಾಲಿನುದ್ದಕ್ಕೂ ಹಾಯುವ 16 ಮಿ.ಮೀ. ಕಪ್ಪು ಲ್ಯಾಟರಲ್ ಪೈಪು. ನೀರನ್ನು ಹನಿಹನಿಯಾಗಿ ಬಿಡುವ ಸಾಮಾನ್ಯ ಡ್ರಿಪ್ಪರಿಗೆ ಬೇಕಾದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ., ಅಂದರೆ 10 ಮೀಟರ್ ಎತ್ತರದ ನೀರು. ತಾರಸಿಯ ಟ್ಯಾಂಕ್ 4 ಮೀಟರ್ ಎತ್ತರದಲ್ಲಿದ್ದರೆ ಸಿಗುವುದು 0.4 ಕೆ.ಜಿ. ಮಾತ್ರ. ಅಂಥ ಕಡೆ ರೆಗ್ಯುಲೇಟರ್ ಬೇಡ, ಒತ್ತಡ ಸರಿದೂಗಿಸುವ ಬಗೆಯ ಡ್ರಿಪ್ಪರೂ ಸರಿಯಾಗಿ ಕೆಲಸ ಮಾಡದು. ಸಾದಾ ಡ್ರಿಪ್ಪರ್ ಹಾಕಿ, ಲೈನುಗಳ ಉದ್ದ ಕಡಿಮೆ ಇರಲಿ, ನೆಲ ಸಮವಿರಲಿ.

ಪೈಪಿನ ಸುರುಳಿಯನ್ನು ಬಿಸಿಲಲ್ಲಿ ಒಂದು ಗಂಟೆ ಹಾಸಿಡಿ, ಮೆತ್ತಗಾಗಿ ಸುತ್ತಿಕೊಳ್ಳದೆ ಕೂರುತ್ತದೆ. ತುದಿಯನ್ನು ನೇರವಾಗಿ ಕತ್ತರಿಸಿ. ಕನೆಕ್ಟರ್ ಹತ್ತದಿದ್ದರೆ ಪೈಪಿನ ತುದಿಯನ್ನು ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ. ಎಣ್ಣೆ ಹಚ್ಚಬೇಡಿ, ಆಮೇಲೆ ಜಾರಿ ಕಳಚುತ್ತದೆ. ಎಂಡ್ ಕ್ಯಾಪ್ ಹಾಕುವ ಮೊದಲು ಎರಡು ನಿಮಿಷ ನೀರು ಬಿಟ್ಟು ಒಳಗಿನ ಪ್ಲಾಸ್ಟಿಕ್ ಚೂರು, ಮಣ್ಣನ್ನು ಹೊರಹಾಕಿ. ಇದನ್ನು ಮರೆತರೆ ಕೊನೆಯ ಡ್ರಿಪ್ಪರುಗಳು ಮೊದಲ ದಿನವೇ ಕಟ್ಟಿಕೊಳ್ಳುತ್ತವೆ. ಡ್ರಿಪ್ಪರುಗಳ ಅಂತರ ಮರಳುಮಣ್ಣಿನಲ್ಲಿ 30 ಸೆಂ.ಮೀ., ಗೋಡಿನಲ್ಲಿ 40–45, ಜೇಡಿಯಲ್ಲಿ 50–60. ಮರಳಿನಲ್ಲಿ ನೀರು ನೇರ ಕೆಳಗಿಳಿಯುತ್ತದೆ, ಜೇಡಿಯಲ್ಲಿ ಅಗಲಕ್ಕೆ ಹರಡುತ್ತದೆ. ಪೈಪನ್ನು ಮಣ್ಣಿನಲ್ಲಿ ಹೂಳದೆ ಮಲ್ಚ್ ಕೆಳಗಿಡಿ. ಬೇರು ಡ್ರಿಪ್ಪರಿನೊಳಗೆ ನುಗ್ಗುವುದು ತಪ್ಪುತ್ತದೆ, ಸೋರಿದರೆ ಕಾಣುತ್ತದೆ.

ಒಂದು ಚದರ ಮೀಟರ್ ಹರವಿನ ಪೊದೆಗೆ 6 ಮಿ.ಮೀ.ನ ಅರ್ಧದಂತೆ ದಿನಕ್ಕೆ 3 ಲೀಟರ್ ಹಿಡಿದರೆ, ಮೂರು ದಿನಕ್ಕೊಮ್ಮೆ 9 ಲೀಟರ್. ಗಂಟೆಗೆ 4 ಲೀಟರಿನ ಡ್ರಿಪ್ಪರ್ ಎರಡಿದ್ದರೆ ಸುಮಾರು 70 ನಿಮಿಷ ಓಡಿಸಿ. ಬೇರೂರಿದ ಕಣಗಿಲೆ, ಕಾಗದದ ಹೂವಿನಂಥವು ಇದರ ಅರ್ಧದಲ್ಲೇ ನಗುನಗುತ್ತಾ ಇರುತ್ತವೆ. ಹೊಸದಾಗಿ ನೆಟ್ಟದ್ದು ಎಂಥ ಗಟ್ಟಿ ಜಾತಿಯಾದರೂ ಮೊದಲ ವರ್ಷ ನಿಯಮಿತವಾಗಿ ನೀರು ಬೇಡುತ್ತದೆ.

ಡ್ರಿಪ್ಪರ್ ಸರಿಯಿದೆಯೇ ಎಂದು ನೋಡಲು ಕೆಳಗೊಂದು ಲೋಟ ಇಡಿ. ಗಂಟೆಗೆ 2 ಲೀಟರಿನದು 15 ನಿಮಿಷಕ್ಕೆ 500 ಮಿ.ಲೀ. ಕೊಡಬೇಕು. 300 ಬಂದರೆ ಕಟ್ಟಿಕೊಳ್ಳುತ್ತಿದೆ. ಬಿಳಿ ಗಸಿ ಕಂಡರೆ ಸುಣ್ಣ, ಬಿಚ್ಚಿ ರಾತ್ರಿಯಿಡೀ ವಿನೆಗರಿನಲ್ಲಿ ನೆನೆಹಾಕಿ. ಲೋಳೆ ಇದ್ದರೆ ಪಾಚಿ. ಟ್ಯಾಂಕಿಗೆ ಬೆಳಕು ಬೀಳುತ್ತಿದೆಯೇ ನೋಡಿ. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು, ಎಂಡ್ ಕ್ಯಾಪ್ ಬಿಚ್ಚಿ ಕೆಸರು ಬಿಡಿ. ಗಿಡ ದೊಡ್ಡದಾದಂತೆ ಡ್ರಿಪ್ಪರುಗಳನ್ನು ಹೊರಕ್ಕೆ ಸರಿಸುತ್ತಾ ಹೋಗಬೇಕು. ಐದು ವರ್ಷದ ಮರಕ್ಕೆ ನೆಟ್ಟ ದಿನದ ಜಾಗದಲ್ಲೇ ಹನಿ ಬೀಳುತ್ತಿದ್ದರೆ ಬೇರು ಅಲ್ಲೇ ಮುದ್ದೆಯಾಗಿ, ಗಾಳಿಗೆ ಮರ ಅಲುಗುತ್ತದೆ.

ನೀರಿನಲ್ಲಿ ಉಪ್ಪಿನಂಶ ಇದ್ದರೆ ಹಸಿ ವೃತ್ತದ ಅಂಚಿನಲ್ಲಿ ಬಿಳಿ ಗೆರೆ ಮೂಡುತ್ತದೆ. ಎರಡು–ಮೂರು ತಿಂಗಳಿಗೊಮ್ಮೆ ಮಾಮೂಲಿನ ಎರಡರಷ್ಟು ನೀರು ಕೊಟ್ಟು ಅದನ್ನು ಕೆಳಕ್ಕೆ ತೊಳೆಯಿರಿ. ಇಲ್ಲೊಂದು ವಿಚಿತ್ರ: ಒಣಕಾಲದ ನಂತರದ ಮೊದಲ ಸಣ್ಣ ಮಳೆಗೆ ಇಂಥ ತೋಟದಲ್ಲಿ ಡ್ರಿಪ್ ನಿಲ್ಲಿಸಬಾರದು. ಆ ಮಳೆ ಅಂಚಿನ ಉಪ್ಪನ್ನು ಕರಗಿಸಿ ಬೇರಿನ ಕಡೆಗೇ ತಳ್ಳುತ್ತದೆ. ಜೋರು ಮಳೆ ಹಿಡಿದ ಮೇಲೆ ನಿಲ್ಲಿಸಿ.

ಕುಂಡಗಳ ಮಾತೇ ಬೇರೆ. ತೆಂಗಿನ ನಾರಿನ ಪುಡಿ ತುಂಬಿದ ಕುಂಡ ಪೂರ್ತಿ ಒಣಗಿದರೆ ಮಿಶ್ರಣ ಅಂಚು ಬಿಟ್ಟು ಕುಗ್ಗುತ್ತದೆ. ಆಮೇಲೆ ಸುರಿದ ನೀರೆಲ್ಲ ಬದಿಯಿಂದ ಇಳಿದು ಕೆಳಗಿನ ತೂತಿನಿಂದ ಬರುತ್ತದೆ. ತಟ್ಟೆ ತುಂಬಿತು, ನೀರು ಸಾಕಾಯಿತೆಂದು ನಂಬಬೇಡಿ. ಕುಂಡವನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವವರೆಗೆ ಇಡಿ.

ಮಳೆನೀರು, ಬಚ್ಚಲ ನೀರು

100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್. ಸೋರಿ, ಚೆಲ್ಲಿ ಕೈಗೆ ಸಿಗುವುದು 800ರ ಆಸುಪಾಸು. ತೊಟ್ಟಿಯ ಬಾಯಿಗೆ ಸೊಳ್ಳೆ ನುಸುಳದಷ್ಟು ಸಣ್ಣ ಜಾಲರಿ ಬೇಕು. ತೊಟ್ಟಿಗೆ ಜಾಗವಿಲ್ಲದಿದ್ದರೆ ಚಾವಣಿಯ ಪೈಪನ್ನು ಪಾತಿಯ ಕಡೆಗೆ ತಿರುಗಿಸಿ. ಇಳಿಜಾರಿಗೆ ಅಡ್ಡಲಾಗಿ ಒಂದು ಗೇಣು ಆಳದ ಕಾಲುವೆ ತೋಡಿ, ತೆಗೆದ ಮಣ್ಣನ್ನು ಕೆಳಬದಿಗೆ ಬದುವಿನಂತೆ ಹಾಕಿದರೆ ನೀರು ನಿಂತು ಇಂಗುತ್ತದೆ. ಮನೆಯ ತಳಪಾಯದಿಂದ ಮೂರು ಮೀಟರ್ ದೂರವಿರಲಿ.

ಸ್ನಾನದ, ಬಟ್ಟೆ ಒಗೆದ ನೀರನ್ನು ಮರ, ಪೊದೆಗಳಿಗೆ ಬಳಸಬಹುದು. ಶೌಚದ್ದು, ಜಿಡ್ಡಿನ ಅಡುಗೆಮನೆಯದ್ದು ಬೇಡ. ಹಿಡಿದಿಟ್ಟು ಒಂದು ದಿನ ದಾಟಿದರೆ ಕೊಳೆತು ನಾರುತ್ತದೆ, ಅಂದಂದಿನದು ಅಂದಂದೇ ಹೋಗಲಿ. ಸೋಪಿನ ಪುಡಿಯ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಸಿ ನೆಲವನ್ನು ಗಚ್ಚಿನಂತೆ ಮಾಡುತ್ತದೆ, ಬೋರಾನ್ ಇದ್ದರೆ ಎಲೆಯಂಚು ಸುಡುತ್ತದೆ. ಆದ್ದರಿಂದ ಒಂದು ಸಲ ಇದು, ಮುಂದಿನ ಸಲ ಒಳ್ಳೆಯ ನೀರು ಎಂದು ಬದಲಿಸಿ. ಸೊಪ್ಪು, ಮೂಲಂಗಿಯಂಥ ಹಸಿಯಾಗಿ ತಿನ್ನುವ ಬೆಳೆಗೆ ಹಾಕಬೇಡಿ, ಸ್ಪ್ರಿಂಕ್ಲರಿನಲ್ಲಿ ಎರಚಲೂಬೇಡಿ.

ಇಷ್ಟೆಲ್ಲ ಮಾಡಿಯೂ ಬಳಕೆ ಇಳಿಯದಿದ್ದರೆ ಎಲ್ಲೋ ಸೋರುತ್ತಿದೆ. ಎಲ್ಲ ನಲ್ಲಿ ಬಂದ್ ಮಾಡಿ, ಮೀಟರ್ ಅಂಕಿ ಬರೆದಿಟ್ಟು, ಎರಡು ಗಂಟೆ ಬಿಟ್ಟು ನೋಡಿ. ಅಂಕಿ ಮುಂದೆ ಹೋಗಿದ್ದರೆ ತೋಟದ ಲೈನಿನ ವಾಲ್ವನ್ನೂ ಮುಚ್ಚಿ ಮತ್ತೆ ಎರಡು ಗಂಟೆ ಕಾಯಿರಿ. ಈಗ ಅಂಕಿ ನಿಂತರೆ ಸೋರಿಕೆ ತೋಟದಲ್ಲಿ, ನಿಲ್ಲದಿದ್ದರೆ ಮನೆಯೊಳಗೆ. ತೋಟದಲ್ಲಾದರೆ ಒಣದಿನದಲ್ಲೂ ಹಸಿಯಾಗಿರುವ, ಸುತ್ತಲಿಗಿಂತ ದಟ್ಟ ಹಸಿರಾದ ಜಾಗ ಹುಡುಕಿ ಅಲ್ಲಿ ಅಗೆಯಿರಿ. ನಲ್ಲಿಯೇ ತೊಟ್ಟಿಕ್ಕುತ್ತಿದ್ದರೆ ಕೆಳಗೆ ಲೋಟವಿಟ್ಟು ಹತ್ತು ನಿಮಿಷದ ನೀರನ್ನು ಅಳೆದು 144ರಿಂದ ಗುಣಿಸಿ. 50 ಮಿ.ಲೀ. ಬಂದರೆ ದಿನಕ್ಕೆ 7 ಲೀಟರಿಗೂ ಹೆಚ್ಚು ಹೋಗುತ್ತಿದೆ. ಬಹುಪಾಲು ಅದು ಸವೆದ ವಾಷರ್. ಮೇನ್ ವಾಲ್ವ್ ಮುಚ್ಚಿ ಬದಲಿಸಲು ಹತ್ತು ನಿಮಿಷ ಸಾಕು.